ಕಂಬಳದ ಓಟ ಮತ್ತು ಬೋಲ್ಟ್

2020ರ ಫೆಬ್ರವರಿಯಲ್ಲಿ ಶಿವಮೊಗ್ಗ, ಭದ್ರಾವತಿಯ ಚಹಾದಂಗಡಿಗಳಲ್ಲಿ ನಾವೂ ಹೇಳಿಕೊಂಡು ತಿರುಗಿದ್ದೆವು: ಘಟ್ಟದ ಕೆಳಗಿನ ಶ್ರೀನಿವಾಸ ಗೌಡರು ಉಸೇನ್ ಬೋಲ್ಟರನ್ನೇ ಮೀರಿಸಿದರು! ಐಕಳ ಕಂಬಳದಲ್ಲಿ ಅವರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಅದನ್ನು ನೂರು ಮೀಟರಿಗೆ ಇಳಿಸಿದವರಿಗೆ ಸಿಕ್ಕಿದ್ದು 9.55, 2009ರಲ್ಲಿ ಬರ್ಲಿನ್ನಿನಲ್ಲಿ ಬೋಲ್ಟ್ ಓಡಿದ್ದು 9.58.

ಲೆಕ್ಕವೇನೋ ಸರಿ, ಹೋಲಿಕೆ ತಪ್ಪು. ನಿಂತಲ್ಲಿಂದ ಹೊರಟ ಬೋಲ್ಟರಿಗೆ ಮೊದಲ 20 ಮೀಟರಿಗೇ 2.89 ಸೆಕೆಂಡು ಹಿಡಿದಿತ್ತು. ಓಟ ಉದ್ದವಾದಷ್ಟೂ ಆ ನಿಧಾನ ಸರಾಸರಿಯಲ್ಲಿ ಕರಗುತ್ತದೆ. ಗೌಡರ ಮುಂದಂತೂ ಎಳೆದೊಯ್ಯುವ ಜೋಡಿ ಕೋಣಗಳಿದ್ದವು.

ಕೇಂದ್ರ ಕ್ರೀಡಾ ಸಚಿವರು ಟ್ರ್ಯಾಕಿಗೆ ಕರೆದರು. ಕಟ್ಟಡ ಕೆಲಸದ ಗೌಡರು ಒಪ್ಪಲಿಲ್ಲ. ಕಂಬಳಕ್ಕೆ ಹಿಮ್ಮಡಿ ಬೇಕು, ಟ್ರ್ಯಾಕಿಗೆ ಕಾಲ್ಬೆರಳು ಎಂದರು. ತಮ್ಮ ವಿದ್ಯೆಯ ಎಲ್ಲೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅಷ್ಟರಲ್ಲಿ ನಮ್ಮ ಚಹಾದಂಗಡಿಯ ಮಾತು ಬೇರೆಡೆಗೆ ಹೊರಳಿತ್ತು.