ಗಡಿಯಾಚೆಯ ಕನ್ನಡ ಶಾಲೆ ಮತ್ತು ಕಂಪ್ಯೂಟರು



ನಮ್ಮ ಶಾಲೆಗಳ ಕಂಪ್ಯೂಟರಿನ ಕಥೆಯನ್ನು 1956ರಿಂದಲೇ ಶುರು ಮಾಡಬೇಕು. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ತಾಲೂಕುಗಳು ಮಹಬೂಬನಗರಕ್ಕೆ ಸೇರಿ ಆಂಧ್ರಪ್ರದೇಶದ ಪಾಲಾದವು. ನಾರಾಯಣಪೇಟೆ, ಮಕ್ತಲ್ ಆಗಲೇ ಮಹಬೂಬನಗರದಲ್ಲಿದ್ದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜೋಗುಳಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಹೊಸ ಜಿಲ್ಲೆಗಳಾದವು. ಕಚೇರಿಗಳ ಬೋರ್ಡು ಬದಲಾದರೂ ಗಡಿಯ ಊರುಗಳಲ್ಲಿ ಕನ್ನಡ ಉಳಿಯಿತು. ಹೀಗಾಗಿ ನಮ್ಮ ಮಕ್ಕಳ ಭಾಷೆ ಒಂದು ರಾಜ್ಯದ್ದು, ಪಠ್ಯಕ್ರಮ ಇನ್ನೊಂದರದ್ದು.

ಕಂಪ್ಯೂಟರು ಬಂದಾಗಲೂ ಈ ತೊಡಕು ನಮ್ಮನ್ನು ಬಿಡಲಿಲ್ಲ. 1998ರಲ್ಲಿ 'ಬರಹ' ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ರಾಯಚೂರಿನಲ್ಲಿ ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆಯನ್ನು ಫ್ಲಾಪಿಯಲ್ಲಿ ತಂದು ಇಲ್ಲಿ ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು! ಅಂದಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಕೊನೆಗೆ ನಾವು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸುತ್ತಿದ್ದೆವು.

ಈ ಗೋಜು ಬಿಡಿಸಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತ್ತು. ಅದು ನಮ್ಮ ಕೈಗೆ ಎಟುಕಲು ವರ್ಷಗಳೇ ಹಿಡಿದವು. ಈಗ ಬೆಂಗಳೂರಿನಲ್ಲಿ ಬರೆದದ್ದನ್ನು ಮಕ್ತಲಿನ ಮೊಬೈಲಿನಲ್ಲೂ ಓದಬಹುದು.

ಅಕ್ಷರದ ಗಡಿ ಅಳಿಯಿತು, ಪಾಠದ ಗಡಿ ಅಳಿಯಲಿಲ್ಲ. ಇದು ನಮಗೆ ಚೆನ್ನಾಗಿ ತಿಳಿದದ್ದು ಕೊರೊನಾ ಕಾಲದಲ್ಲಿ. 2020ರ ಸೆಪ್ಟೆಂಬರ್ 1ರಿಂದ ತೆಲಂಗಾಣದಲ್ಲಿ ಟಿವಿ ಪಾಠ ಆರಂಭವಾಯಿತು. ನಾವು ನೋಡಿದ ಪಾಠಗಳು ತೆಲುಗಿನಲ್ಲಿದ್ದವು. ಚಂದನ ವಾಹಿನಿಯ 'ಸಂವೇದ' ಪಾಠ ಕನ್ನಡದಲ್ಲಿತ್ತು, ಆದರೆ ಅದು ಕರ್ನಾಟಕದ ಪುಸ್ತಕದ್ದು. ಒಂದು ಕಡೆ ಪಾಠ ನಮ್ಮದು, ಮಾತು ಬೇರೆ. ಇನ್ನೊಂದು ಕಡೆ ಮಾತು ನಮ್ಮದು, ಪಾಠ ಬೇರೆ. "ಸರ್, ಯಾವುದನ್ನು ನೋಡಬೇಕು?" ಎಂದು ಮಕ್ಕಳು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಪರದೆಯ ಮೇಲೆ ತನ್ನ ಭಾಷೆಯ ಪಾಠ ಕಾಣದ ಮಗು, ಕನ್ನಡ ಮನೆಗೆ ಸಾಕು, ಓದಿಗೆ ಸಾಲದು ಎಂದುಕೊಳ್ಳುತ್ತದೆ. ಪಾಲಕರೂ ಹಾಗೆಯೇ ಯೋಚಿಸಿದರೆ ಶಾಲೆಯೇ ಬರಿದಾಗುತ್ತದೆ.

ಹಾಗಾದರೆ ಏನು ಮಾಡೋಣ? ದ್ಯುತಿಸಂಶ್ಲೇಷಣೆಗಾಗಲಿ ತ್ರಿಭುಜಕ್ಕಾಗಲಿ ರಾಜ್ಯದ ಗಡಿಯಿಲ್ಲ. ನಮ್ಮ ಪುಸ್ತಕದ ಯಾವ ಪಾಠಕ್ಕೆ ಕರ್ನಾಟಕದ ಯಾವ ವಿಡಿಯೊ ಹೊಂದುತ್ತದೆ ಎಂಬ ಪಟ್ಟಿಯನ್ನು ನಾವೇ ತಯಾರಿಸೋಣ. ಹೊಂದದ ಪಾಠಗಳ ಟಿಪ್ಪಣಿ, ಪ್ರಶ್ನೆಗಳನ್ನು ಯೂನಿಕೋಡಿನಲ್ಲೇ ಬರೆದಿಡೋಣ. ಒಬ್ಬೊಬ್ಬರು ತಿಂಗಳಿಗೆ ಒಂದು ಪಾಠ ಮಾಡಿದರೂ ಸಾಕು. ಒಂದು ಶಾಲೆಯ ಶ್ರಮ ಎಲ್ಲ ಶಾಲೆಗಳ ಆಸ್ತಿಯಾಗುತ್ತದೆ.

ಯಂತ್ರವನ್ನು ಸರ್ಕಾರ ಕೊಡಬಹುದು. ಅದರೊಳಗೆ ಕನ್ನಡದ ಪಾಠ ತುಂಬುವವರು ನಾವೇ ಆಗಬೇಕು.