ರಿಂಗ್ ರೋಡಿನ ಸ್ಪೀಡ್ ಗನ್: ಸ್ಟಾಪ್‌ವಾಚಿನಿಂದ ಲೇಸರ್‌ವರೆಗೆ

ಬೀದರ್, ಹುಮನಾಬಾದ್ ಕಡೆಯಿಂದ ಹೋಗುವವರು ಪಟಾನ್‌ಚೆರು ಬಳಿಯ ಮುತ್ತಂಗಿಯಲ್ಲಿ ಹೈದರಾಬಾದಿನ ಹೊರವರ್ತುಲ ರಸ್ತೆ ಹತ್ತಿದರೆ ಸಾಕು, ಆಕ್ಸಿಲರೇಟರ್ ಮೇಲಿನ ಕಾಲು ತಾನಾಗಿ ಭಾರವಾಗುತ್ತದೆ. 158 ಕಿ.ಮೀ. ಉದ್ದ, ಎಂಟು ಪಥ, ಒಂದೂ ಸಿಗ್ನಲ್ ಇಲ್ಲ. ಗಂಟೆಗೆ 100 ಕಿ.ಮೀ.ಗೆ ಇಳಿಸಿದ್ದ ವೇಗಮಿತಿಯನ್ನು 2023ರಲ್ಲಿ ಮತ್ತೆ 120ಕ್ಕೆ ಏರಿಸಿದರು. ಅದನ್ನೂ ಮೀರಿದವರಿಗೆ ಟ್ರೈಪಾಡಿನ ಮೇಲೆ ಕುಳಿತಿದ್ದ ಸ್ಪೀಡ್ ಗನ್ ಕಾಣದಿದ್ದರೂ ಮೊಬೈಲಿಗೆ ಬರುವ ಚಲನ್ ಕಂಡೇ ಕಾಣುತ್ತದೆ.

ಈ ಬೆನ್ನಟ್ಟಾಟ ಹಳೆಯದು. 1896ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ವಾಲ್ಟರ್ ಆರ್ನಲ್ಡ್ ಎಂಬಾತ ಗಂಟೆಗೆ ಎಂಟು ಮೈಲಿ ವೇಗದಲ್ಲಿ ಕಾರು ಓಡಿಸಿದನೆಂದು ಪೇದೆಯೊಬ್ಬ ಸೈಕಲ್ ತುಳಿದು ಹಿಡಿದಿದ್ದ. ಮುಂದೆ ರಸ್ತೆಯಲ್ಲಿ ಎರಡು ಗುರುತು, ಕೈಯಲ್ಲಿ ಸ್ಟಾಪ್‌ವಾಚ್. ಹೀಗೆ ಹೊಂಚು ಹಾಕಿದ ಪೊಲೀಸರ ಬಗ್ಗೆ ಚಾಲಕರಿಗೆ ಸುಳಿವು ಕೊಡಲೆಂದೇ 1905ರಲ್ಲಿ ಬ್ರಿಟನ್ನಿನ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿತು. ಎದುರಿನ ಲಾರಿಯವರು ಹೆಡ್‌ಲೈಟ್ ಮಿನುಗಿಸಿ ಎಚ್ಚರಿಸುವ ನಮ್ಮ ಪದ್ಧತಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಯುದ್ಧಕಾಲದ ರೇಡಾರ್ ರಸ್ತೆಗಿಳಿದದ್ದು 1947ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಗ್ಲಾಸ್ಟನ್‌ಬರಿಯಲ್ಲಿ. ಆಧಾರ 1842ರಲ್ಲಿ ಡಾಪ್ಲರ್ ಹೇಳಿದ ತತ್ವ: ಹತ್ತಿರ ಬರುತ್ತಿರುವ ವಸ್ತುವಿಗೆ ತಾಗಿ ಮರಳುವ ಅಲೆಯ ಕಂಪನ ಹೆಚ್ಚುತ್ತದೆ. 24.15 ಗಿಗಾಹರ್ಟ್ಸ್ ಗನ್ನಿನ ಎದುರು ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಬಂದರೆ ಆ ಹೆಚ್ಚಳ ಸುಮಾರು 4,470 ಹರ್ಟ್ಸ್. ಯಂತ್ರ ಅಷ್ಟನ್ನು ಅಳೆದು ಅಂಕಿ ತೋರಿಸುತ್ತದೆ. ಆದರೆ ರೇಡಾರ್ ಕಿರಣ ಹರಡುತ್ತಾ ಹೋಗುತ್ತದೆ. 12 ಡಿಗ್ರಿ ಅಗಲದ ಕಿರಣ 300 ಮೀಟರ್ ದೂರದಲ್ಲಿ 60 ಮೀಟರಿಗೂ ಮಿಕ್ಕಿ ಚಾಚಿರುತ್ತದೆ. ಎಂಟು ಪಥದ ರಸ್ತೆಯಲ್ಲಿ ಆ ವೇಗ ಯಾರದ್ದು ಎಂದು ಬೆರಳು ಮಾಡುವುದು ಹೇಗೆ?

ಕ್ಯಾಮೆರಾ ಕಥೆಗೆ ಬೇರೆಯೇ ಸ್ವಾರಸ್ಯವಿದೆ. ಡಚ್ ರ‍್ಯಾಲಿ ಚಾಲಕ ಮೌರಿಸ್ ಗಾಟ್ಸೊನಿಡಿಸ್, 1953ರ ಮಾಂಟೆ ಕಾರ್ಲೊ ವಿಜೇತ, ತಿರುವುಗಳಲ್ಲಿ ತನ್ನದೇ ವೇಗ ಅಳೆದು ಇನ್ನೂ ಜೋರಾಗಿ ಓಡಿಸಲು ಮಾಡಿಕೊಂಡ ಸಾಧನವೇ ಜಗತ್ತಿನ ವೇಗದ ಕ್ಯಾಮೆರಾಗಳಿಗೆ ಮೂಲವಾಯಿತು.

ರೇಡಾರ್ ಉಳಿಸಿದ್ದ, ವೇಗ ಯಾರದ್ದೆಂದು ಬೊಟ್ಟು ಮಾಡಿ ತೋರಿಸುವ ಸಮಸ್ಯೆಯನ್ನು ಲೇಸರ್ ಬಗೆಹರಿಸಿತು. ಹೈದರಾಬಾದ್ ಸುತ್ತಲಿನ ಪೊಲೀಸರ ಕೈಯಲ್ಲಿರುವುದು ಇದೇ. ಬೆಳಕು ಒಂದು ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಸಾಗುತ್ತದೆ, 300 ಮೀಟರ್ ದೂರದ ಕಾರಿಗೆ ತಾಗಿ ಮರಳಲು ಎರಡು ಮೈಕ್ರೊಸೆಕೆಂಡ್. ಕ್ಷಣದೊಳಗೆ ನೂರಾರು ಸ್ಪಂದನ ಬಿಟ್ಟು, ಪ್ರತಿಯೊಂದೂ ಮರಳಿದ ಹೊತ್ತಿನಿಂದ ದೂರ ಎಷ್ಟು ಕುಗ್ಗಿತೆಂದು ಗನ್ ಲೆಕ್ಕ ಹಾಕುತ್ತದೆ. ಅಷ್ಟು ದೂರದಲ್ಲೂ ಕಿರಣದ ಅಗಲ ಸುಮಾರು ಒಂದು ಮೀಟರ್. ನಂಬರ್ ಪ್ಲೇಟಿಗೆ ಗುರಿಯಿಟ್ಟರೆ ಪಕ್ಕದ ಪಥದವರು ಸಿಕ್ಕಿಬೀಳುವುದಿಲ್ಲ. ಓರೆಯಿಂದ ಹಿಡಿದರೆ ತಪ್ಪು ಲೆಕ್ಕ ಬರುತ್ತದೆ ಎಂದು ವಾದಿಸುವವರು ಗಮನಿಸಬೇಕು: ಹಾಗೆ ಹಿಡಿದಾಗ ಅಂಕಿ ಇಳಿಯುತ್ತದೆಯೇ ಹೊರತು ಏರುವುದಿಲ್ಲ. 20 ಡಿಗ್ರಿ ಓರೆಯಿದ್ದರೆ 100ರ ವೇಗ 94 ಆಗುತ್ತದೆ. ಲಾಭ ಚಾಲಕನಿಗೇ.

ಇಷ್ಟಾದರೂ ಗನ್ ಕಾಯುವುದು ಒಂದು ಜಾಗವನ್ನು ಮಾತ್ರ. ಅಲ್ಲಿ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಹಾರುವವರಿಗೆ ಮದ್ದು ಸರಾಸರಿ ವೇಗದ ಲೆಕ್ಕ. ಬ್ರಿಟನ್ನಿನಲ್ಲಿ 1999ರಿಂದ ಅದು ರೂಢಿಯಲ್ಲಿದೆ. 40 ಕಿ.ಮೀ. ದೂರವನ್ನು 20 ನಿಮಿಷಕ್ಕೆ ಮೊದಲೇ ಮುಟ್ಟಿದರೆ 120 ಮೀರಿದಂತೆಯೇ, ಸಾಕ್ಷಿ ಬೇಕಿಲ್ಲ. ಹತ್ತುವಲ್ಲಿ, ಇಳಿಯುವಲ್ಲಿ ಟೋಲ್ ಗೇಟ್ ಇರುವ ರಿಂಗ್ ರೋಡಿಗೆ ಇದಕ್ಕಿಂತ ಒಪ್ಪುವ ಉಪಾಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಹಾಕಿ, 2024ರ ಆಗಸ್ಟ್‌ನಿಂದ 130 ದಾಟಿದವರ ಮೇಲೆ ಎಫ್ಐಆರ್ ಎಂದು ಪೊಲೀಸರು ಸಾರಿದ್ದೂ ವೇಗದ ಚಟ ಬರೀ ದಂಡಕ್ಕೆ ಬಗ್ಗದ್ದರಿಂದಲೇ.

ಯಂತ್ರವನ್ನೂ ಪರೀಕ್ಷಿಸಬೇಕಲ್ಲ? 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ಪ್ರಕಾರ ಇಂಥ ಸಾಧನಕ್ಕೆ ಅನುಮೋದನೆ ಪತ್ರವಿರಬೇಕು, ಅದು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ರಸ್ತೆಯಲ್ಲಿ ಮುನ್ಸೂಚನೆಯ ಫಲಕವೂ ಇರಬೇಕು. ಚಲನ್ ಬಂದರೆ ಕೂಡಲೇ ಬೈಯುವುದೂ ಬೇಡ, ಕಣ್ಮುಚ್ಚಿ ಕಟ್ಟುವುದೂ ಬೇಡ. ಮೊದಲು ಅದರ ಚಿತ್ರ ತೆರೆದು ವಾಹನದ ನಂಬರು, ಜಾಗ, ವೇಗಮಿತಿ ನೋಡಿಕೊಳ್ಳಿ.