ಟೀಚರ್ ಕಣ್ಣಿಗೆ ಬೀಳೋ ಮಗು

ಇವತ್ತಿನ ಎಪಿಸೋಡ್ ಒಂದು ಪ್ರಶಸ್ತಿಯಿಂದ ಶುರು. ಅಮೆರಿಕದಲ್ಲಿ ಕೌನ್ಸಿಲ್ ಫಾರ್ ಎಕ್ಸೆಪ್ಷನಲ್ ಚಿಲ್ಡ್ರನ್ ಅಂತ ಒಂದು ಸಂಸ್ಥೆ ಇದೆ, 1922ರಲ್ಲಿ ಹುಟ್ಟಿದ್ದು. ವಿಶೇಷ ಅಗತ್ಯದ ಮಕ್ಕಳ ಶಿಕ್ಷಣವೇ ಅದರ ಕ್ಷೇತ್ರ. ಅದರ ಸಂಶೋಧನಾ ವಿಭಾಗ, ವೃತ್ತಿಯ ಆರಂಭದಲ್ಲಿರೋ ಸಂಶೋಧಕರಿಗೇ ಅಂತ ಒಂದು ಗೌರವ ಇಟ್ಟಿದೆ. ನಮ್ಮ ಕಡೆ ಸನ್ಮಾನ ಅಂದ್ರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಅದೂ ತಲೆ ನೆರೆತ ಮೇಲೆ. ಹಾಗಿದ್ರೆ ಈಗ ತಾನೇ ಕೆಲಸ ಶುರು ಮಾಡಿದವರನ್ನ ಯಾಕೆ ಗೌರವಿಸಬೇಕು? ಇದಕ್ಕೆ ಉತ್ತರ ಹುಡುಕ್ತಾ ಹೋದಾಗ ನನಗೆ ಸಿಕ್ಕಿದ್ದು 1978ರ ಬೆಂಗಳೂರು.

ಆಗ ನಿಮ್ಹಾನ್ಸ್‌ಗೆ ಇನ್ನೂ ನಾಲ್ಕು ವರ್ಷ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಗಿದ್ದು 1974ರ ಡಿಸೆಂಬರ್‌ನಲ್ಲಿ. ಮಾಳವಿಕಾ ಕಪೂರ್ ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲಿದ್ದರು. ಅವರು ಇಲ್ಲಾನಾ ಕಾರಿಯಪ್ಪ ಜೊತೆ ಸೇರಿ 1978ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ವಿಷಯ ಏನು ಗೊತ್ತಾ? ಶಾಲಾ ಮಕ್ಕಳ ಭಾವನಾತ್ಮಕ ಸಮಸ್ಯೆಗಳ ಬಗ್ಗೆ ಶಿಕ್ಷಕರಿಗೆ ಒಂದು ಪರಿಚಯ ಕೋರ್ಸ್. ಮರುವರ್ಷ ಇನ್ನೊಂದು, ಶಿಕ್ಷಕರಿಗೆ ಕೌನ್ಸೆಲಿಂಗ್ ತರಬೇತಿ ಕೊಡೋದರ ಬಗ್ಗೆ.

ಕೇಳೋಕೆ ಸಣ್ಣ ವಿಷಯ. ಆದರೆ ಒಳಗಿರೋ ಯೋಚನೆ ದೊಡ್ಡದು. ಡಾಕ್ಟರ್ ಮಗುವನ್ನ ನೋಡೋದು ಸ್ವಲ್ಪ ಹೊತ್ತು. ಟೀಚರ್ ನೋಡೋದು ಇಡೀ ದಿನ, ಇಡೀ ವರ್ಷ, ಅದೇ ವಯಸ್ಸಿನ ಮೂವತ್ತು-ನಲವತ್ತು ಮಕ್ಕಳ ಜೊತೆ ಹೋಲಿಸಿ. ಏನೋ ಸರಿಯಿಲ್ಲ ಅಂತ ಮೊದಲು ಗೊತ್ತಾಗಬೇಕಾದ್ದು ಅವರಿಗೇ. ಆದರೆ ತರಬೇತಿ ಇಲ್ಲದಿದ್ರೆ ಕಣ್ಣಿಗೆ ಬೀಳೋದು ಗಲಾಟೆ ಮಾಡೋ ಮಗು ಮಾತ್ರ, ಅದೂ 'ತಂಟೆಕೋರ' ಅಂತ. ಮೂಲೆಯಲ್ಲಿ ಸುಮ್ಮನೆ ಕೂತ ಮಗು ಕಾಣೋದೇ ಇಲ್ಲ. ಎಷ್ಟೋ ಸಲ ಗಲಾಟೆಯ ಹಿಂದೆ ಓದಲಾಗದ ಸಂಕಟ ಇರುತ್ತೆ. ಅಕ್ಷರಗಳು ಕೂಡಿಕೊಳ್ಳದ ಮಗುವಿಗೆ, ದಡ್ಡ ಅನ್ನಿಸಿಕೊಳ್ಳೋದಕ್ಕಿಂತ ತುಂಟ ಅನ್ನಿಸಿಕೊಳ್ಳೋದೇ ವಾಸಿ.

ನಾನು ಐದನೇ ಕ್ಲಾಸಲ್ಲಿದ್ದಾಗ ನಮ್ಮ ಹಿಂದಿನ ಬೆಂಚಲ್ಲಿ ಅಂಥ ಒಬ್ಬ ಹುಡುಗ ಇದ್ದ. ಬಾಯಿಲೆಕ್ಕದಲ್ಲಿ ಅವನನ್ನ ಮೀರಿಸೋರು ಯಾರೂ ಇರಲಿಲ್ಲ. ಓದೋಕೆ ನಿಲ್ಲಿಸಿದ್ರೆ ಮಾತ್ರ ಜಗಳ. ಏಳನೇ ಕ್ಲಾಸ್ ಮುಗಿಯೋ ಮೊದಲೇ ಕುರಿ ಕಾಯೋಕೆ ಹೋದ. ನಮ್ಮ ಚಳ್ಳಕೆರೆಯಲ್ಲಿ ಅದನ್ನ ಯಾರೂ ಪ್ರಶ್ನೆ ಮಾಡಲಿಲ್ಲ. ಮೊಳಕಾಲ್ಮುರಲ್ಲಿ ಆಗಿದ್ರೆ ಮಗ್ಗದ ಮುಂದೆ ಕೂರ್ತಿದ್ನೇನೋ.

ಇಲ್ಲಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಅಲ್ಲಿನ ಯೋಚನೆ ಇಲ್ಲಿಗೆ ಬರೋದು ಹೇಗೆ? ದೊಡ್ಡವರ ಮಾನಸಿಕ ಕಾಯಿಲೆ ವಿಚಾರದಲ್ಲಿ ಅದಕ್ಕೊಂದು ದಾರಿ ತೋರಿಸಿದ್ದು ಮೊಳಕಾಲ್ಮುರಿಗೆ ತಾಗಿಕೊಂಡೇ ಇರೋ ಬಳ್ಳಾರಿ ಜಿಲ್ಲೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ, ಕೆಲವೇ ಅಗತ್ಯ ಔಷಧಿ, ಸರಳವಾದ ದಾಖಲೆ ಪುಸ್ತಕ. ಇದೇ ಮಾದರಿ ಮೇಲೆ 1996ರಲ್ಲಿ ಕೇಂದ್ರ ಸರ್ಕಾರದ ಕಾರ್ಯಕ್ರಮ ಬಂತು. ಅಂದ್ರೆ, ತಜ್ಞರು ಊರಿಗೆ ಬರದಿದ್ರೂ ಊರಲ್ಲಿರೋರಿಗೇ ಕಲಿಸಬಹುದು. 1978ರ ಪ್ರಬಂಧದ ಯೋಚನೆಯೂ ಅದೇ, ಅಲ್ಲಿ ಆರೋಗ್ಯ ಕಾರ್ಯಕರ್ತರ ಜಾಗದಲ್ಲಿ ಟೀಚರ್.

ಮಾಳವಿಕಾ ಕಪೂರ್ ಅದನ್ನ ಬಿಡಲಿಲ್ಲ. 1997ರಲ್ಲಿ ಭಾರತದ ಶಾಲೆಗಳಲ್ಲಿನ ಮಾನಸಿಕ ಆರೋಗ್ಯದ ಬಗ್ಗೆ ಪುಸ್ತಕ ಬರೆದರು. ಆಮೇಲೆ ಹೆಗ್ಗಡದೇವನಕೋಟೆಯ ಹಳ್ಳಿ ಶಾಲೆಗಳ ಮಕ್ಕಳ ಜೊತೆ ಕೆಲಸ ಮಾಡಿದರು. ಒಂದು ಸಣ್ಣ ಕೋರ್ಸ್‌ನಿಂದ ಹಳ್ಳಿ ಶಾಲೆವರೆಗೆ ಎರಡು ದಶಕಕ್ಕೂ ಹೆಚ್ಚು.

ನಾನು ಬಿ.ಕಾಂ ಮಾಡಿದೋನು, ಲೆಕ್ಕ ಹಾಕದೆ ಇರೋಕಾಗಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದ್ದಿದ್ದು 7 ವಿಧ. ಆಟಿಸಂ ಇರಲಿಲ್ಲ, ಕಲಿಕಾ ನ್ಯೂನತೆ ಇರಲಿಲ್ಲ. ಅವೆರಡೂ ಸೇರಿ ಪಟ್ಟಿ 21 ಆಗಿದ್ದು 2016ರ ಕಾಯ್ದೆಯಲ್ಲಿ. 1995ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಆರು ವರ್ಷದ ಮಗುವಿಗೆ 2016ರಲ್ಲಿ 27. ಹಕ್ಕು ಬಂತು, ಬಾಲ್ಯ ಹೋಯ್ತು. ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ಎಡಿಎಚ್‌ಡಿಗೆ ಆ 21ರಲ್ಲೂ ಪ್ರತ್ಯೇಕ ಜಾಗ ಇಲ್ಲ.

ಅದಕ್ಕೇ ನನಗೆ ಅನ್ಸೋದು, ಈ ಕ್ಷೇತ್ರದಲ್ಲಿ ಆರಂಭದಲ್ಲೇ ಗೌರವ ಕೊಡೋದು ಬರೀ ಮರ್ಯಾದೆ ಅಲ್ಲ, ಒಂಥರಾ ಹೂಡಿಕೆ. ಫಲ ಕಾಣೋಕೆ ಇಪ್ಪತ್ತು ವರ್ಷ ಬೇಕು. ಅಲ್ಲಿವರೆಗೆ ಕೆಲಸ ಮಾಡೋರು ಬೇಸತ್ತು ಬಿಟ್ಟು ಹೋಗಬಾರದು.

ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ. ರಾಜ್ಯದ ಬೇರೆ ಬೇರೆ ಕಡೆಯ ಶಿಕ್ಷಕರು ಅಲ್ಲಿಗೆ ಬಂದು ವಿಜ್ಞಾನದ ತರಬೇತಿ ಪಡೀತಾರೆ. ಅಂದ್ರೆ ಶಿಕ್ಷಕರು ಕಲಿಯೋಕೆ ಈ ಬಯಲುಸೀಮೆಗೂ ಬರ್ತಾರೆ. ಮಕ್ಕಳ ನಡವಳಿಕೆ ಬಗ್ಗೆ ಅಂಥದ್ದೊಂದು ತರಬೇತಿ ಇಲ್ಲೇ ಯಾಕಾಗಬಾರದು?

ಕೇಳ್ತಿರೋರಲ್ಲಿ ಬಿ.ಎಡ್, ಸೈಕಾಲಜಿ, ಸೋಷಿಯಲ್ ವರ್ಕ್ ಓದ್ತಿರೋರು ಇದ್ದೀರ. ನಿಮ್ಮ ಪ್ರಾಜೆಕ್ಟ್‌ಗೆ ವಿಷಯ ಹುಡುಕ್ತಿದ್ರೆ, ನಿಮ್ಮೂರಿನ ಹಿಂದಿನ ಬೆಂಚು ನೋಡಿ. ಉಳಿದೋರು, ಅಂಥ ಕೆಲಸ ಮಾಡ್ತಿರೋ ಒಬ್ಬ ಟೀಚರ್ ಗೊತ್ತಿದ್ರೆ ಇವತ್ತೇ ಫೋನ್ ಮಾಡಿ ಒಂದು ಒಳ್ಳೆ ಮಾತು ಹೇಳಿ. ರಿಟೈರ್ಮೆಂಟ್ ಫಂಕ್ಷನ್‌ಗೆ ಕಾಯಬೇಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.